ಹಳೆಯ ಹೊಲದಲ್ಲಿ ಹಳೆಯ ಮನೆಯ ಸಾಮಾನು: ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವುದು ಹೇಗೆ?

ಮೆಟಲ್ ಡಿಟೆಕ್ಟರ್ ವಿಷಯ ಬಂದರೆ ಎಲ್ಲರೂ ಕೇಳುವ ಪ್ರಶ್ನೆ ಎರಡೇ. "ಯಾವ ಮೆಷಿನ್ ತಗೊಳ್ಳಲಿ?" ಮತ್ತು "ಎಷ್ಟು ಆಳದವರೆಗೆ ತೋರಿಸುತ್ತೆ?" ಎರಡಕ್ಕೂ ಕೆಳಗೆ ಉತ್ತರ ಇದೆ. ಆದರೆ ಹಳೆಯ ಹೊಲಕ್ಕೆ ಇಳಿಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. ಇಲ್ಲಿ ಬದುಕಿದ್ದವರು ಎಲ್ಲಿ ಕೂರುತ್ತಿದ್ದರು, ಎಲ್ಲಿ ನಡೆಯುತ್ತಿದ್ದರು, ಕಸ ಎಲ್ಲಿ ಸುರಿಯುತ್ತಿದ್ದರು? ಇದು ಗೊತ್ತಾದರೆ ಸಾಧಾರಣ ಮೆಷಿನ್ನೂ ಸಾಕು. ಗೊತ್ತಿಲ್ಲದಿದ್ದರೆ ಎಷ್ಟೇ ದುಬಾರಿಯದಾದರೂ ದಿನವಿಡೀ ಮೊಳೆಗಳನ್ನೇ ಕೊಡುತ್ತದೆ.

ಇದು ನಿಧಿ ಹುಡುಕುವ ಲೇಖನ ಅಲ್ಲ. ಅಂಗಿ ಗುಂಡಿ, ಬಕಲ್, ಬೀಗದ ಕೈ, ದೀಪದ ಬರ್ನರ್, ಚಮಚ, ದನದ ಕೊರಳ ಗಂಟೆ, ತೂಕದ ಬಟ್ಟು, ಬಾಗಿಲ ಚಿಲಕ ಇಂಥವುಗಳ ಬಗ್ಗೆ. ಮಾರಲು ಹೋದರೆ ಇವಕ್ಕೆ ಹೆಚ್ಚು ಬೆಲೆ ಸಿಗುವುದಿಲ್ಲ. ಆದರೆ ಯಾರದೋ ಬೆರಳಲ್ಲಿ ಸವೆದು ನುಣುಪಾದ ಕೀಲಿಕೈ ಮಣ್ಣಿನಿಂದ ಎದ್ದು ಬಂದಾಗ ಆಗುವ ಸಂತೋಷ ದೊಡ್ಡದು. ಅದಕ್ಕಾಗಿ ಹೊರಟವರಿಗೆ ಈ ಹಂತಗಳು.

1. ಮೊದಲು ಅನುಮತಿ, ಮೊದಲು ಕಾನೂನು

ಬೀಳು ಬಿದ್ದ ಹೊಲಕ್ಕೂ ಮಾಲೀಕರು ಇರುತ್ತಾರೆ. ಬೇಲಿ ಇಲ್ಲ ಅಂದ ಮಾತ್ರಕ್ಕೆ ಯಾರದೂ ಅಲ್ಲ ಅಂತಲ್ಲ. ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಏನಾದರೂ ಸಿಕ್ಕರೆ ಅದು ಯಾರಿಗೆ ಸೇರುತ್ತದೆ ಎಂಬ ಮಾತನ್ನೂ ಅದೇ ಕಾಗದದಲ್ಲಿ ಬರೆದುಬಿಡಿ. ಸಿಕ್ಕಿದ ಮೇಲೆ ಈ ಮಾತು ಎತ್ತಿದರೆ ಸಂಬಂಧ ಕೆಡುತ್ತದೆ.

ಕಾನೂನು ದೇಶದಿಂದ ದೇಶಕ್ಕೆ ತುಂಬಾ ಬೇರೆ. ಐರ್ಲೆಂಡಿನಲ್ಲಿ ಪುರಾತನ ವಸ್ತುಗಳನ್ನು ಹುಡುಕಲು ಪರವಾನಗಿ ಇಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ. ಫ್ರಾನ್ಸಿನಲ್ಲೂ ಅಂಥ ಹುಡುಕಾಟಕ್ಕೆ ಸರ್ಕಾರದ ಒಪ್ಪಿಗೆ ಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾಲೀಕರ ಅನುಮತಿ ಇದ್ದರೆ ಹುಡುಕಬಹುದು. ಆದರೆ 1996ರ ಕಾಯ್ದೆಯ ಪ್ರಕಾರ ನಿಧಿ ಅನ್ನಿಸಿಕೊಳ್ಳುವ ವಸ್ತು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಭಾರತದಲ್ಲಿ 1878ರ ನಿಧಿ ಕಾಯ್ದೆ ಇನ್ನೂ ಜೀವಂತವಾಗಿದೆ. ನೆಲದಲ್ಲಿ ಹುದುಗಿದ್ದು 10 ರೂಪಾಯಿಗಿಂತ ಹೆಚ್ಚು ಬೆಲೆಯದಾಗಿದ್ದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುತ್ತದೆ ಅದು. ಈ 10 ರೂಪಾಯಿ ಆ ಕಾಲದ್ದು, ಹಾಗಾಗಿ ಇವತ್ತು ಹೆಚ್ಚುಕಡಿಮೆ ಎಲ್ಲವೂ ಅದರೊಳಗೆ ಬರುತ್ತದೆ. ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿಕೊಂಡಿರುವುದೂ ಉಂಟು. ಇದರ ಜೊತೆಗೆ 1972ರ ಪುರಾತನ ವಸ್ತುಗಳ ಕಾಯ್ದೆ 100 ವರ್ಷ ದಾಟಿದ ವಸ್ತುಗಳಿಗೆ ಅನ್ವಯಿಸುತ್ತದೆ. ನೀವಿರುವ ಕಡೆಯ ನಿಯಮವನ್ನು ಕಚೇರಿಯಲ್ಲೇ ವಿಚಾರಿಸಿ, ಆಮೇಲೆ ಹೊರಡಿ. ಸಂರಕ್ಷಿತ ಸ್ಮಾರಕ, ಹಾಳು ದೇವಾಲಯ, ಕೋಟೆ, ಸಮಾಧಿಗಳ ಹತ್ತಿರಕ್ಕೆ ಮೆಷಿನ್ ಒಯ್ಯಲೇಬೇಡಿ.

2. ಮೆಷಿನ್ ಆನ್ ಮಾಡುವ ಮೊದಲು ಹೊಲ ಓದಿ

ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ. ಇದನ್ನು ಬಿಟ್ಟು ನೇರವಾಗಿ ಬೀಸಲು ಶುರು ಮಾಡುವವರೇ ಎರಡು ವಾರಕ್ಕೆ ಬೇಸತ್ತು ಬಿಟ್ಟುಬಿಡುತ್ತಾರೆ.

ಮೊದಲು ಹಳೆಯ ನಕ್ಷೆ ನೋಡಿ. ಸರ್ವೆ ನಕ್ಷೆಗಳಲ್ಲಿ ಈಗಿಲ್ಲದ ಮನೆ, ಬಾವಿ, ಕಾಲುದಾರಿಗಳ ಗುರುತು ಇರುತ್ತದೆ. ಅದನ್ನು ಇವತ್ತಿನ ಉಪಗ್ರಹ ಚಿತ್ರದ ಪಕ್ಕ ಇಟ್ಟು ಹೋಲಿಸಿ. ಒಣ ಹವೆಯಲ್ಲಿ ತೆಗೆದ ಚಿತ್ರಗಳು ವಿಶೇಷವಾಗಿ ಉಪಯುಕ್ತ. ಮಣ್ಣಿನೊಳಗೆ ಗೋಡೆಯ ಅಡಿಪಾಯ ಇದ್ದರೆ ಅದರ ಮೇಲಿನ ಬೆಳೆ ಬೇಗ ಒಣಗಿ ತೆಳು ಗೆರೆಯ ಹಾಗೆ ಕಾಣುತ್ತದೆ. ಹಿಂದೆ ತೋಡಿ ಮುಚ್ಚಿದ ಹಳ್ಳ ಇದ್ದರೆ ಅಲ್ಲಿ ತೇವ ಜಾಸ್ತಿ, ಬೆಳೆ ಹಸಿರಾಗಿ ಎದ್ದಿರುತ್ತದೆ.

ಆಮೇಲೆ ಬರಿಗೈಯಲ್ಲಿ ಹೊಲ ಸುತ್ತಿ. ಹೆಂಚಿನ ಚೂರು, ಮಡಕೆ ಚೂರು, ಇಟ್ಟಿಗೆ, ಗಾಜು ಒಂದೇ ಕಡೆ ಜಾಸ್ತಿ ಕಂಡರೆ ಅಲ್ಲೇ ಮನೆಯೋ ಕಸದ ರಾಶಿಯೋ ಇತ್ತು ಅಂತ ಅರ್ಥ. ಮಣ್ಣಿನ ಬಣ್ಣ ಸುತ್ತಲಿಗಿಂತ ಕಪ್ಪಾಗಿದ್ದರೆ ಅದು ಬೂದಿ ಮತ್ತು ಕೊಳೆತ ಕಸದ ಗುರುತು ಇರಬಹುದು. ಹೊಲದ ನಡುವೆ ಒಂಟಿಯಾಗಿ ನಿಂತ ಮುದಿ ಮರ, ಮುಚ್ಚಿಹೋದ ಬಾವಿ, ಕಾರಣವಿಲ್ಲದೆ ಸಮತಟ್ಟಾದ ಜಾಗ, ಬದುವಿನಲ್ಲಿ ದಾರಿಗೆಂದು ಬಿಟ್ಟ ಕಿಂಡಿ, ಇವನ್ನೆಲ್ಲ ಗುರುತು ಮಾಡಿಕೊಳ್ಳಿ. ಜನ ಕೂತಲ್ಲಿ, ಬಗ್ಗಿದಲ್ಲಿ, ಹತ್ತಿ ಇಳಿದಲ್ಲಿ ಸಾಮಾನು ಬೀಳುತ್ತದೆ. ಮರದ ನೆರಳು, ನೀರು ಸೇದುವ ಜಾಗ, ಗಾಡಿ ತಿರುಗುವ ಜಾಗ, ಹೊಲದ ಬಾಗಿಲು ಈ ನಾಲ್ಕನ್ನು ಮೊದಲು ನೋಡಿ.

ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮನೆಯೇ ಇಲ್ಲದ ಹೊಲದ ಮಧ್ಯೆ ಅಂಗಿ ಗುಂಡಿ, ಮುರಿದ ಚಮಚ ಹೇಗೆ ಬಂತು?" ಉತ್ತರ ತಿಪ್ಪೆಯಲ್ಲಿದೆ. ಹಿಂದೆ ಮನೆಯ ಕಸವೂ ಕೊಟ್ಟಿಗೆಯ ಸಗಣಿಯೂ ಒಂದೇ ತಿಪ್ಪೆಗೆ ಬೀಳುತ್ತಿತ್ತು. ಗೊಬ್ಬರ ಗಾಡಿಯಲ್ಲಿ ಹೊಲಕ್ಕೆ ಹೋಗುವಾಗ ಕಸದೊಳಗೆ ಕಳೆದುಹೋದ ಸಣ್ಣಪುಟ್ಟ ಸಾಮಾನೂ ಜೊತೆಗೆ ಹೋಯಿತು. ಹಾಗಾಗಿ ತೆಳ್ಳಗೆ ಹರಡಿದ ಸಾಮಾನು ಅಂದರೆ ಗೊಬ್ಬರದ ಜೊತೆ ಬಂದದ್ದು. ಒತ್ತೊತ್ತಾಗಿ ಸಿಕ್ಕರೆ ಹತ್ತಿರದಲ್ಲೇ ವಾಸವಿತ್ತು. ಈ ವ್ಯತ್ಯಾಸ ಗೊತ್ತಿದ್ದರೆ ಮೂರು ವಸ್ತು ಸಿಗುವಷ್ಟರಲ್ಲಿ ನೀವು ಎಲ್ಲಿದ್ದೀರಿ ಅನ್ನುವುದು ತಿಳಿಯುತ್ತದೆ.

ಸುತ್ತಮುತ್ತಲಿನ ಹಿರಿಯರನ್ನು ಮಾತಾಡಿಸಿ. "ಅಲ್ಲೊಂದು ಕೊಟ್ಟಿಗೆ ಇತ್ತು" ಎಂಬ ಅವರ ಒಂದು ಮಾತು ನಿಮ್ಮ ಒಂದು ತಿಂಗಳು ಉಳಿಸಬಲ್ಲದು.

3. ಏನೇನು ಬೇಕು

ಡಿಟೆಕ್ಟರ್ ಜೊತೆಗೆ ಇವು ಬೇಕೇ ಬೇಕು: ಹೆಡ್‌ಫೋನ್, ಪಿನ್‌ಪಾಯಿಂಟರ್ (ಕುಳಿಯೊಳಗೆ ಇಟ್ಟು ವಸ್ತು ನಿಖರವಾಗಿ ಎಲ್ಲಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಚಿಕ್ಕ ಡಿಟೆಕ್ಟರ್), ಗಟ್ಟಿ ಕೈಸನಿಕೆ, ದಪ್ಪ ಕೈಗವಸು, ಮಣ್ಣು ಸುರಿಯಲು ಒಂದು ಬಟ್ಟೆ, ಸಿಕ್ಕ ವಸ್ತುವಿಗೆ ಚಿಕ್ಕ ಚೀಲಗಳು, ನೋಟ್‌ಬುಕ್. ಕಸಕ್ಕೆ ಬೇರೆ ಚೀಲ ಇರಲಿ. ತೆಗೆದ ತಂತಿ, ತಗಡನ್ನು ವಾಪಸ್ ಹೊಲಕ್ಕೆ ಎಸೆಯಬೇಡಿ.

ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಂಡಿದ್ದೀರಾ ಅಂತ ನೋಡಿಕೊಳ್ಳಿ. ಆ ರೋಗಾಣು ಇರುವುದೇ ಮಣ್ಣಿನಲ್ಲಿ, ನೀವು ಕೈ ಹಾಕುವುದು ಮುರಿದ ಗಾಜು, ಮೊಳೆ ಇರುವ ಮಣ್ಣಿಗೆ.

ಇನ್ನು ಯಾವ ಮೆಷಿನ್? ಹೊಲಕ್ಕೆ ವಿಎಲ್‌ಎಫ್ ಬಗೆಯದು ಸಾಕು. ವಿಎಲ್‌ಎಫ್ ಅಂದರೆ ತುಂಬಾ ಕಡಿಮೆ ಆವರ್ತನದ (ಸುಮಾರು 3ರಿಂದ 30 ಕಿಲೋಹರ್ಟ್ಸ್) ಅಲೆಗಳಲ್ಲಿ ಕೆಲಸ ಮಾಡುವುದು. ಕೆಳಗಿನ ತಟ್ಟೆಯಂಥ ಭಾಗಕ್ಕೆ ಕಾಯಿಲ್ ಅನ್ನುತ್ತಾರೆ. ಅದರಿಂದ ಕಾಂತಕ್ಷೇತ್ರ ನೆಲಕ್ಕೆ ಇಳಿಯುತ್ತದೆ. ಲೋಹ ಸಿಕ್ಕರೆ ಅದರ ಮೈಯಲ್ಲಿ ಸಣ್ಣ ಸುಳಿ ವಿದ್ಯುತ್ ಹುಟ್ಟುತ್ತದೆ. ಆ ಸುಳಿ ಹುಟ್ಟಿಸುವ ಮರುಕ್ಷೇತ್ರವನ್ನು ಕಾಯಿಲ್ ಹಿಡಿಯುತ್ತದೆ. ಅದು ಎಷ್ಟು ತಡವಾಗಿ ಬಂತು ಎಂಬುದನ್ನು ನೋಡಿ ಮೆಷಿನ್ ಲೋಹ ಯಾವುದಿರಬಹುದು ಅಂತ ಊಹಿಸುತ್ತದೆ. ಇದು ಊಹೆ ಮಾತ್ರ, ನೆನಪಿರಲಿ. ಪಲ್ಸ್ ಇಂಡಕ್ಷನ್ ಬಗೆಯ ಮೆಷಿನ್ ಖನಿಜ ಹೆಚ್ಚಿರುವ ನೆಲದಲ್ಲಿ ಆಳಕ್ಕೆ ಹೋಗುತ್ತದೆ. ಆದರೆ ಕಬ್ಬಿಣ ಯಾವುದು, ಹಿತ್ತಾಳೆ ಯಾವುದು ಅಂತ ಬೇರ್ಪಡಿಸುವುದರಲ್ಲಿ ಹಿಂದೆ. ಮೊಳೆ ತುಂಬಿದ ಹೊಲಕ್ಕೆ ಅದು ಬೇಡ.

ಆಳದ ಪ್ರಶ್ನೆಗೆ ಉತ್ತರ: ನಾಣ್ಯದಷ್ಟು ಚಿಕ್ಕ ವಸ್ತುವಾದರೆ ಸಾಮಾನ್ಯವಾಗಿ 15ರಿಂದ 25 ಸೆಂಟಿಮೀಟರ್. ದೊಡ್ಡ ವಸ್ತುವಾದರೆ ಇನ್ನೂ ಕೆಳಗೆ. ಮೀಟರ್‌ಗಟ್ಟಲೆ ಆಳದ ನಾಣ್ಯ ತೋರಿಸುತ್ತದೆ ಅನ್ನುವ ಜಾಹೀರಾತು ನಂಬಬೇಡಿ. ಅಷ್ಟು ಆಳ ನಿಮಗೆ ಬೇಕಾಗಿಯೂ ಇಲ್ಲ. ನೇಗಿಲು ತಿರುವಿ ಹಾಕುವುದು ಸುಮಾರು 20ರಿಂದ 30 ಸೆಂಟಿಮೀಟರ್ ಮಣ್ಣನ್ನು. ಉತ್ತ ಹೊಲದಲ್ಲಿ ಚೆದುರಿದ ಸಾಮಾನೆಲ್ಲ ಇರುವುದು ಆ ಪದರದೊಳಗೇ.

4. ನಾಲ್ಕು ಸೆಟ್ಟಿಂಗ್ ಅರ್ಥವಾದರೆ ಸಾಕು

ಮೊದಲನೆಯದು ಗ್ರೌಂಡ್ ಬ್ಯಾಲೆನ್ಸ್. ಮಣ್ಣಿನಲ್ಲಿರುವ ಕಬ್ಬಿಣದ ಖನಿಜವೂ ಮೆಷಿನ್‌ಗೆ ಕೇಳಿಸುತ್ತದೆ. ಆ ಸದ್ದನ್ನು ಲೆಕ್ಕದಿಂದ ತೆಗೆದುಹಾಕುವುದೇ ಗ್ರೌಂಡ್ ಬ್ಯಾಲೆನ್ಸ್. ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಇದನ್ನು ಮಾಡುತ್ತಾರೆ. ಹೊಲದ ಒಂದು ಮೂಲೆಯಲ್ಲಿ ಮಾಡಿದ್ದು ಇನ್ನೊಂದು ಮೂಲೆಗೆ ಸರಿಹೋಗದೇ ಇರಬಹುದು. ಮಣ್ಣಿನ ಬಣ್ಣ ಬದಲಾದ ಕಡೆ ಮತ್ತೆ ಮಾಡಿ.

ಎರಡನೆಯದು ಸೆನ್ಸಿಟಿವಿಟಿ, ಅಂದರೆ ಎಷ್ಟು ಸಣ್ಣ ಸದ್ದನ್ನೂ ಕೇಳಿಸಿಕೊಳ್ಳಬೇಕು ಎಂಬುದು. ಹೊಸಬರು ಇದನ್ನು ತುದಿಗೆ ಏರಿಸಿಬಿಡುತ್ತಾರೆ. ಆಗ ಮೆಷಿನ್ ಸುಮ್ನೆ ಚಿಲಿಪಿಲಿ ಅನ್ನುತ್ತಲೇ ಇರುತ್ತದೆ, ನಿಜವಾದ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ. ಮೆಷಿನ್ ಶಾಂತವಾಗುವವರೆಗೆ ಇಳಿಸಿ. ವಿದ್ಯುತ್ ತಂತಿಯ ಕೆಳಗೆ ಇನ್ನೂ ಇಳಿಸಬೇಕಾಗುತ್ತದೆ. ಮೊಬೈಲನ್ನು ಕಾಯಿಲ್‌ನಿಂದ ದೂರ ಇಡಿ.

ಮೂರನೆಯದು ಡಿಸ್ಕ್ರಿಮಿನೇಷನ್: ಬೇಡದ ಲೋಹದ ಸದ್ದು ಮುಚ್ಚುವ ವ್ಯವಸ್ಥೆ. ಜಾಸ್ತಿ ಜನ ಎಡವುವುದು ಇಲ್ಲೇ. ಲೋಹ ಯಾವುದಿರಬಹುದು ಎಂಬ ಊಹೆಯನ್ನು ಮೆಷಿನ್ ಪರದೆಯ ಮೇಲೆ ಒಂದು ಅಂಕಿಯಾಗಿ ತೋರಿಸುತ್ತದೆ. ಬಾಟಲಿ ಮುಚ್ಚಳ, ಅಲ್ಯೂಮಿನಿಯಂ ಹಾಳೆ ಬೇಡ ಅಂತ ನಡುವಿನ ಅಂಕಿಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಅದೇ ಅಂಕಿಗಳಲ್ಲಿ ಸೀಸ, ತವರ, ತೆಳು ಹಿತ್ತಾಳೆ, ಚಿಕ್ಕ ಚಿನ್ನದ ಉಂಗುರ ಎಲ್ಲವೂ ಇವೆ. ಹಳೆಯ ಅಂಗಿ ಗುಂಡಿ, ಬಕಲ್‌ಗಳ ಮನೆಯೇ ಅದು. ಮನೆಬಳಕೆಯ ಸಾಮಾನು ಬೇಕಾದವರು ಕಬ್ಬಿಣದ ಅತಿ ಕೆಳಗಿನ ಅಂಕಿಗಳನ್ನು ಮಾತ್ರ ಮುಚ್ಚಬೇಕು. ಅದನ್ನೂ ಮುಚ್ಚದೆ, ಕಬ್ಬಿಣಕ್ಕೆ ಒಂದು ಗೊಗ್ಗರು ಸದ್ದು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮೊಳೆಗಳ ಸದ್ದು ಒತ್ತೊತ್ತಾಗಿ ಬಂದ ಕಡೆ ಮರದ ಕಟ್ಟಡ ಇತ್ತು ಅಂತ ತಿಳಿಯುತ್ತದೆ. ಕಿವಿಗೆ ಕಿರಿಕಿರಿಯಾದರೂ ಅದು ನಿಮಗೆ ಬೇಕಾದ ಸುದ್ದಿ ಅಲ್ವಾ?

ನಾಲ್ಕನೆಯದು ಆವರ್ತನ. ಕಡಿಮೆ ಆವರ್ತನ ತಾಮ್ರ, ಬೆಳ್ಳಿಯ ದೊಡ್ಡ ತುಂಡುಗಳಿಗೆ ಒಳ್ಳೆಯದು. ಹೆಚ್ಚಿನದು ಚಿಕ್ಕ, ತೆಳು ವಸ್ತುಗಳಿಗೆ. ಎರಡನ್ನೂ ಒಟ್ಟಿಗೆ ಬಳಸುವ ಮೆಷಿನ್ ಇದ್ದರೆ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

5. ನಿಧಾನವಾಗಿ ಬೀಸಿ, ಕಿವಿಗೊಟ್ಟು ಕೇಳಿ

ಮಳೆ ಬಂದು ಒಂದೆರಡು ದಿನ ಆದ ಮೇಲೆ ಹೋಗುವುದು ಒಳ್ಳೆಯದು. ತೇವದ ಮಣ್ಣಿನಲ್ಲಿ ಸದ್ದು ಸಾಮಾನ್ಯವಾಗಿ ಚೆನ್ನಾಗಿ ಬರುತ್ತದೆ, ಅಗೆಯುವುದೂ ಸುಲಭ. ಹೊಸದಾಗಿ ಉತ್ತ ಹೆಂಟೆ ಹೊಲದಲ್ಲಿ ಕಾಯಿಲ್ ನೆಲಕ್ಕೆ ಹತ್ತಿರ ಹೋಗುವುದಿಲ್ಲ. ಹೆಂಟೆ ಒಡೆದು ಮಟ್ಟ ಮಾಡಿದ ಮೇಲೆ ಹೋಗಿ.

ಕಾಯಿಲ್ ನೆಲದಿಂದ ಎರಡು ಮೂರು ಸೆಂಟಿಮೀಟರ್ ಮೇಲಿರಲಿ, ಎಡದಿಂದ ಬಲಕ್ಕೆ ಒಂದೇ ಎತ್ತರದಲ್ಲಿ ಸಾಗಲಿ. ತೊಟ್ಟಿಲು ತೂಗಿದ ಹಾಗೆ ಎರಡೂ ತುದಿಯಲ್ಲಿ ಮೇಲೆತ್ತಿದರೆ ಅಲ್ಲಿರುವುದೆಲ್ಲ ತಪ್ಪಿಹೋಗುತ್ತದೆ. ಪ್ರತಿ ಬೀಸೂ ಹಿಂದಿನ ಬೀಸಿನ ಅರ್ಧದ ಮೇಲೆ ಬರಲಿ.

ಒಳ್ಳೆಯ ಸದ್ದು ಎರಡೂ ಕಡೆಯಿಂದ ಒಂದೇ ಥರ ಬರುತ್ತದೆ. ಸದ್ದು ಬಂದ ಜಾಗದ ಸುತ್ತ 90 ಡಿಗ್ರಿ ತಿರುಗಿ ಮತ್ತೆ ಬೀಸಿ. ಆಗಲೂ ಅಂಕಿ ಹೆಚ್ಚು ಜಿಗಿಯದೆ ನಿಂತರೆ ಅಗೆಯಿರಿ. ಒಂದು ದಿಕ್ಕಿನಲ್ಲಿ ಎತ್ತರದ ಸದ್ದು, ಇನ್ನೊಂದರಲ್ಲಿ ಗೊಗ್ಗರು ಬಂದರೆ ಬಹಳಷ್ಟು ಸಲ ಅದು ಬಗ್ಗಿದ ಮೊಳೆ ಅಥವಾ ತುಕ್ಕು ಹಿಡಿದ ತಗಡು. ದೊಡ್ಡ ಕಬ್ಬಿಣ, ಅದರಲ್ಲೂ ಬಳೆಯಾಕಾರದ್ದು, ಬೆಳ್ಳಿಯ ಹಾಗೆ ಸದ್ದು ಕೊಟ್ಟು ಮೋಸ ಮಾಡುತ್ತದೆ. ಕಾಯಿಲನ್ನು ಮೇಲೆತ್ತುತ್ತಾ ಹೋಗಿ. ಮೊಣಕಾಲ ಹತ್ತಿರ ಬಂದರೂ ಸದ್ದು ಗಟ್ಟಿಯಾಗೇ ಇದ್ದರೆ ಅದು ದೊಡ್ಡ ತುಂಡು.

ಹಳೆಯ ಮನೆ ಬಿದ್ದ ಜಾಗದಲ್ಲಿ ಮುಖ್ಯ ತೊಂದರೆ ಮರೆಮಾಚುವಿಕೆ. ಪಕ್ಕದ ಮೊಳೆಯ ಸದ್ದು ಹಿತ್ತಾಳೆಯ ಸದ್ದನ್ನು ನುಂಗಿಬಿಡುತ್ತದೆ. ಇದು ಈ ಯಂತ್ರದಷ್ಟೇ ಹಳೆಯ ತೊಂದರೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಗುಂಡೇಟು ತಿಂದು ಮಲಗಿದ್ದಾಗ, ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ದೇಹದೊಳಗಿನ ಗುಂಡು ಹುಡುಕಲು ಇಂಥದೇ ಉಪಕರಣ ತಂದರು. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗ್‌ಗಳು ಸದ್ದು ಕೆಡಿಸಿದ್ದು ಒಂದು ಕಾರಣ ಎನ್ನುತ್ತಾರೆ. ವೈದ್ಯರು ಹುಡುಕಲು ಬಿಟ್ಟದ್ದು ಗುಂಡು ಇಲ್ಲದ ಬದಿಯಲ್ಲಿ ಎನ್ನುವುದೂ ಇನ್ನೊಂದು. ಹೊಲದಲ್ಲೂ ಈ ಎರಡೇ ತಪ್ಪು ಆಗುವುದು: ಹತ್ತಿರದ ಕಬ್ಬಿಣ, ಇಲ್ಲವೇ ಹುಡುಕಿದ ಜಾಗವೇ ತಪ್ಪು.

ಮರೆಮಾಚುವಿಕೆಗೆ ಮದ್ದು ಚಿಕ್ಕ ಕಾಯಿಲ್. ಐದಾರು ಇಂಚಿನದು ಒಮ್ಮೆಗೆ ಕಡಿಮೆ ನೆಲ ನೋಡುವುದರಿಂದ ಎರಡು ಮೊಳೆಗಳ ನಡುವಿನ ಅಂಗಿ ಗುಂಡಿಯನ್ನೂ ಬೇರೆಯಾಗಿ ಕೇಳಿಸುತ್ತದೆ. ವಿಶಾಲ ಹೊಲಕ್ಕೆ ಒಂಬತ್ತರಿಂದ ಹನ್ನೊಂದು ಇಂಚಿನದು ಇರಲಿ. ಮನೆಯ ಜಾಗವನ್ನು ನಾಲ್ಕು ಹೆಜ್ಜೆ ಚೌಕದ ತುಂಡುಗಳಾಗಿ ಮಾಡಿ, ಒಂದೊಂದನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿ ಮುಗಿಸಿ. ಮೊದಲ ಹತ್ತು ದಿನ ಅಂಕಿ ನೋಡಿ ನಿರ್ಧಾರ ಮಾಡಬೇಡಿ. ಸದ್ದು ಎರಡೂ ಕಡೆಯಿಂದ ಬಂದದ್ದನ್ನೆಲ್ಲ ಅಗೆಯಿರಿ. ನಿಮ್ಮ ಕಿವಿ ಆ ಹೊಲದ ಭಾಷೆ ಕಲಿಯುವುದು ಹಾಗೆಯೇ.

6. ಅಗೆಯುವಾಗ

ಪಿನ್‌ಪಾಯಿಂಟ್ ಮಾಡಿದ ಜಾಗದ ನಡುವಿಗೆ ಸನಿಕೆ ಹಾಕಬೇಡಿ. ನೂರು ವರ್ಷ ಉಳಿದದ್ದು ಒಂದು ಏಟಿಗೆ ಗೀರಾಗುತ್ತದೆ. ಒಂದು ಗೇಣು ದೂರದಿಂದ ಸುತ್ತ ಕತ್ತರಿಸಿ. ಹುಲ್ಲು ಬೆಳೆದಿದ್ದರೆ ಮೂರು ಬದಿ ಮಾತ್ರ ಕತ್ತರಿಸಿ, ನಾಲ್ಕನೆಯ ಬದಿಯನ್ನು ಬಾಗಿಲ ಕೀಲಿನ ಹಾಗೆ ಬಿಟ್ಟು ಮಡಚಿ. ಬೇರು ಸಾಯುವುದಿಲ್ಲ. ಮಣ್ಣನ್ನು ಬಟ್ಟೆಯ ಮೇಲೆ ಹಾಕಿ. ವಸ್ತು ಸಿಕ್ಕ ಮೇಲೆ ಕುಳಿಯನ್ನು ಇನ್ನೊಮ್ಮೆ ನೋಡಿ, ಕೆಳಗೆ ಇನ್ನೊಂದು ಇರುವುದು ಅಪರೂಪವಲ್ಲ. ಆಮೇಲೆ ಮಣ್ಣು ಮುಚ್ಚಿ, ಮೆಟ್ಟಿ. ತೆರೆದು ಬಿಟ್ಟ ಕುಳಿಯಲ್ಲಿ ದನದ ಕಾಲು ಮುರಿಯಬಹುದು. ಇದೊಂದು ತಪ್ಪಿಗೇ ಎಷ್ಟೋ ಮಾಲೀಕರು ಮುಂದೆ ಯಾರನ್ನೂ ಹೊಲಕ್ಕೆ ಬಿಡುವುದಿಲ್ಲ.

ಈ ಮೂರು ಸಂದರ್ಭದಲ್ಲಿ ಅಗೆಯುವುದನ್ನು ನಿಲ್ಲಿಸಿ:

ಉದ್ದಕ್ಕೆ ಗೆರೆಯ ಹಾಗೆ ಸದ್ದು ಸಾಗಿದರೆ ಅದು ಪೈಪೋ ವಿದ್ಯುತ್ ಕೇಬಲ್ಲೋ ಇರಬಹುದು. ಬಿಟ್ಟುಬಿಡಿ.

ಶೆಲ್, ಗ್ರೆನೇಡ್, ಮದ್ದುಗುಂಡಿನಂತೆ ಕಂಡರೆ ಮುಟ್ಟಬೇಡಿ, ಅಲುಗಿಸಬೇಡಿ. ಜಾಗ ಗುರುತಿಟ್ಟು ದೂರ ಹೋಗಿ ಪೊಲೀಸರಿಗೆ ತಿಳಿಸಿ. ತುಕ್ಕು ಹಿಡಿದಿದೆ ಎಂದರೆ ಸತ್ತಿದೆ ಅಂತಲ್ಲ.

ಉಳುಮೆಯ ಪದರದ ಕೆಳಗೆ, ಅಲುಗದ ಗಟ್ಟಿ ಮಣ್ಣಿನಲ್ಲಿ ವಸ್ತು ಇದ್ದರೆ, ಅಥವಾ ನಾಣ್ಯಗಳು ಗುಂಪಾಗಿ, ಮಡಕೆಯ ಜೊತೆ, ಮೂಳೆಯ ಜೊತೆ ಕಂಡರೆ ಕೈ ತೆಗೆಯಿರಿ. ನೇಗಿಲು ತಿರುವಿದ ಮಣ್ಣಿನಲ್ಲಿ ವಸ್ತು ತನ್ನ ಮೂಲ ಜಾಗ ಆಗಲೇ ಬಿಟ್ಟಿರುತ್ತದೆ. ಅದರ ಕೆಳಗಿನದು ಯಾರೋ ಇಟ್ಟಂತೆಯೇ ಇರುತ್ತದೆ. ಯಾವುದರ ಪಕ್ಕ ಯಾವುದಿತ್ತು, ಯಾವ ಪದರದಲ್ಲಿತ್ತು ಎಂಬುದರಿಂದಲೇ ತಜ್ಞರು ಕಾಲವನ್ನು ಕಂಡುಕೊಳ್ಳುತ್ತಾರೆ. ಒಮ್ಮೆ ಕಿತ್ತರೆ ಆ ಮಾಹಿತಿಯನ್ನು ಯಾರಿಂದಲೂ ಮತ್ತೆ ಕೂಡಿಸಲಾಗದು. ಫೋಟೋ ತೆಗೆದು, ಮುಚ್ಚಿ, ಪುರಾತತ್ತ್ವ ಇಲಾಖೆಗೆ ತಿಳಿಸಿ.

7. ಅಲ್ಲೇ ನಿಂತು ಬರೆದಿಡಿ

ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ಬರೆಯುವುದಿಲ್ಲ. ಚೀಲಕ್ಕೊಂದು ಸಂಖ್ಯೆ ಕೊಡಿ. ಮೊಬೈಲ್ ತೋರಿಸುವ ಅಕ್ಷಾಂಶ ರೇಖಾಂಶ, ಆಳ, ದಿನಾಂಕ, ಮಣ್ಣಿನ ಬಣ್ಣ, ಮೆಷಿನ್ ತೋರಿಸಿದ ಅಂಕಿ ಬರೆಯಿರಿ. ನಲವತ್ತು ವಸ್ತು ಆದ ಮೇಲೆ ಕಾಗದದ ಮೇಲೆ ಚುಕ್ಕಿ ಇಟ್ಟು ನೋಡಿ. ಬಾಗಿಲು ಎಲ್ಲಿತ್ತು, ದಾರಿ ಎಲ್ಲಿ ಹಾದಿತ್ತು ಎಂಬುದು ಚುಕ್ಕಿಗಳಲ್ಲೇ ಕಾಣತೊಡಗುತ್ತದೆ. ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಘಳಿಗೆ ಅದು.

8. ಮನೆಗೆ ತಂದ ಮೇಲೆ

ಇಲ್ಲಿ ಹಾಳಾಗುವಷ್ಟು ಸಾಮಾನು ಮಣ್ಣಿನಲ್ಲೂ ಹಾಳಾಗಿರುವುದಿಲ್ಲ. ಫಳಫಳ ಹೊಳೆಯಲಿ ಅಂತ ಹುಳಿ ಹಚ್ಚಿ, ಬೂದಿ ಹಾಕಿ ಉಜ್ಜಬೇಡಿ. ತಾಮ್ರ, ಹಿತ್ತಾಳೆಯ ಮೇಲಿನ ನುಣುಪಾದ ಹಸಿರು ಕಂದು ಪದರವೇ ಅದರ ರಕ್ಷಣೆ. ಅಕ್ಷರ, ಚಿತ್ರದ ಸೂಕ್ಷ್ಮ ಗೆರೆ ಎಷ್ಟೋ ಸಲ ಆ ಪದರದಲ್ಲೇ ಉಳಿದಿರುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಮೆತ್ತನೆ ಬ್ರಷ್‌ನಿಂದ ಮಣ್ಣು ಬಿಡಿಸಿ. ಬಿದಿರು ಕಡ್ಡಿ ಬಳಸಿ, ಸೂಜಿ ಬೇಡ. ನಾಣ್ಯವಾದರೆ ಇಷ್ಟಕ್ಕೇ ನಿಲ್ಲಿಸಿ.

ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಎಚ್ಚರ. ಇದಕ್ಕೆ ಕಂಚಿನ ರೋಗ ಅನ್ನುತ್ತಾರೆ. ಮಣ್ಣಿನ ಕ್ಲೋರೈಡ್ ಲವಣವು ತೇವದ ಜೊತೆ ಸೇರಿ ಲೋಹವನ್ನು ತಿನ್ನುತ್ತಿರುವ ಲಕ್ಷಣ ಅದು. ಅಂಥದ್ದನ್ನು ಬೇರೆಯಾಗಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬದಲ್ಲಿ ಒಣಗಿಸಿಡಿ.

ಬೀಗ, ಚಿಲಕ, ಲಾಳ, ಗಾಡಿಯ ಕಡಾಣಿಯಂಥ ಗಟ್ಟಿ ಕಬ್ಬಿಣಕ್ಕೆ ಎಲೆಕ್ಟ್ರೋಲಿಸಿಸ್ ಮಾಡಬಹುದು. ಅಂದರೆ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಕಡಿಮೆ ವೋಲ್ಟೇಜಿನ ಡಿಸಿ ವಿದ್ಯುತ್ ಹರಿಸಿ ತುಕ್ಕು ಬಿಡಿಸುವುದು. ವಸ್ತುವನ್ನು ಋಣ ತಂತಿಗೆ, ಬೇಡದ ಸಾದಾ ಕಬ್ಬಿಣದ ತುಂಡನ್ನು ಧನ ತಂತಿಗೆ ಜೋಡಿಸಬೇಕು. ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಹಾಕಲೇಬೇಡಿ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಉಪ್ಪನ್ನೂ ಹಾಕಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಹೈಡ್ರೋಜನ್ ಹೊರಡುವುದರಿಂದ ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಿ. ತುಕ್ಕು ತಿಂದು ಒಳಗೆ ಲೋಹವೇ ಉಳಿಯದ ವಸ್ತು ಇದರಲ್ಲಿ ಪುಡಿಯಾಗುತ್ತದೆ. ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಮಾತ್ರ ಮುಂದುವರಿಯಿರಿ. ಆದ ಮೇಲೆ ತೊಳೆದು, ಪೂರ್ತಿ ಒಣಗಿಸಿ, ಮೈಕ್ರೋಕ್ರಿಸ್ಟಲೈನ್ ಮೇಣ (ಲೋಹಕ್ಕೆ ತೇವ ತಾಗದಂತೆ ತಡೆಯುವ ಒಂದು ಬಗೆಯ ಮೇಣ) ಸವರಿ. ತಡ ಮಾಡಿದರೆ ಒಂದೇ ರಾತ್ರಿಯಲ್ಲಿ ಹೊಸ ತುಕ್ಕು ಹತ್ತುತ್ತದೆ.

ಸೀಸದ ಬಟ್ಟು, ಗುಂಡು ಮುಟ್ಟಿದ ಮೇಲೆ ಕೈ ತೊಳೆಯದೆ ಏನನ್ನೂ ಬಾಯಿಗಿಡಬೇಡಿ. ಬಿಳಿ ಪುಡಿ ಹತ್ತಿದ ಸೀಸವನ್ನು ಮಕ್ಕಳ ಕೈಗೆ ಸಿಗದ ಡಬ್ಬದಲ್ಲಿ ಇಡಿ. ಆ ಡಬ್ಬ ಮರದ್ದು ಬೇಡ, ಮರದಿಂದ ಹೊರಡುವ ಆಮ್ಲದ ಆವಿ ಸೀಸವನ್ನು ಇನ್ನಷ್ಟು ತಿನ್ನುತ್ತದೆ. ಪ್ಲಾಸ್ಟಿಕ್ ಡಬ್ಬ ತೆಗೆದುಕೊಂಡು, ಹೊಲದಲ್ಲಿ ಕೊಟ್ಟ ಸಂಖ್ಯೆಯನ್ನೇ ಅದರ ಮೇಲೂ ಬರೆಯಿರಿ.